ಅಡಕೊತ್ತು ಬಿಟ್ಟು ವಿಮಾನ ಹತ್ತಿದ್ದು

ನನ್ನ ಮಗಳು ಸುಮಾ ಏಳು ತಿಂಗಳಿಗೇ ಹಡೆದಳು ಎಂಬ ಫೋನು ಬಂದಾಗ ನಾನು ಗಿರಣಿಯಲ್ಲಿ ಮೆಣಸಿನಕಾಯಿ ಪುಡಿ ಮಾಡಿಸುತ್ತ ನಿಂತಿದ್ದೆ. ಫೋನು ಮಾಡಿದವನು ಅಳಿಯ ಮಂಜುನಾಥ. ಮಿಲಿಟರಿಯಲ್ಲಿದ್ದಾನೆ, ಇಬ್ಬರೂ ದಿಲ್ಲಿಯಲ್ಲಿದ್ದರು. ಮುಂದಿನ ತಿಂಗಳು ಅವಳನ್ನು ಬಾಣಂತನಕ್ಕೆ ಬ್ಯಾಡಗಿಗೆ ಕರೆತರುವುದೆಂದು ಮಾತಾಗಿತ್ತು. "ಅತ್ತಿ, ಹೆಣ್ಣಕೂಸು. ಭಾಳ ಸಣ್ಣದೈತ್ರಿ. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ಸುಮಾಗೂ ಜ್ವರ ಬಂದೈತಿ. ನೀವು ಲಗೂ ಬರ್ರಿ" ಅಂದ. ಗಿರಣಿಯ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೇಳಿಸಿದ್ದೇ ಸಾಕಾಗಿತ್ತು, ಪುಡಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ದೇವರಗುಡ್ಡದ ಮಾಲತೇಶನನ್ನು ನಂಬಿದ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಹೆಸರು ಗಂಗವ್ವ. ಖಾರಪುಡಿ ಮಾರುತ್ತೇನೆ, ಬಾಯಿಯೂ ಅಷ್ಟೇ ಖಾರ ಎಂದು ನಮ್ಮ ಮನೆಯವರು ಹೇಳುತ್ತಾರೆ. ಬರೆದು ರೂಢಿಯಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಆದದ್ದನ್ನು ಹೇಳದೆ ಇಟ್ಟುಕೊಂಡರೆ ಹೊಟ್ಟೆ ಉಬ್ಬುತ್ತದೆ.

ನಮ್ಮಲ್ಲಿ ಬಾಣಂತಿಯನ್ನೂ ಕೂಸನ್ನೂ ಕಬ್ಬಿಣವಿಲ್ಲದೆ ಬಿಡುವುದಿಲ್ಲ. ಕೂಸಿನ ತಲೆದಿಂಬಿನ ಬುಡಕ್ಕೆ ಒಂದು ಕಬ್ಬಿಣದ ಸಾಮಾನು ಇರಲೇಬೇಕು, ಗಾಳಿ ಸೋಕಬಾರದೆಂದು. ಕೆಲವರು ಕುಡಗೋಲು ಇಡುತ್ತಾರೆ, ಕೆಲವರು ಚಾಕು. ನನ್ನ ತವರುಮನೆಯಲ್ಲಿ ಅಜ್ಜಿಯ ಕಾಲದ, ಅಡಕೆ ಕತ್ತರಿಸುವ ಅಡಕೊತ್ತು. ನಾನು ಹುಟ್ಟಿದಾಗಲೂ ಅದೇ, ಸುಮಾ ಹುಟ್ಟಿದಾಗಲೂ ಅದೇ. ಅದು ರಾಣೆಬೆನ್ನೂರಿನಲ್ಲಿ ಅಣ್ಣನ ಮನೆಯಲ್ಲಿತ್ತು. ಅಣ್ಣ ಮರುದಿನ ಬೆಳಿಗ್ಗೆ ಸಿಕ್ಕ ಬಸ್ಸು ಹತ್ತಿ ಅದನ್ನು ಹಾವೇರಿ ಬಸ್‌ಸ್ಟ್ಯಾಂಡಿಗೆ ತಂದುಕೊಟ್ಟ. ಹಳದಿ ಬಟ್ಟೆಯಲ್ಲಿ ಸುತ್ತಿದ್ದ.

"ಗಂಗವ್ವಾ, ದೊಡ್ಡ ಬ್ಯಾಗಿನ್ಯಾಗ ತುರಕಬ್ಯಾಡ. ನಿನ್ನ ಕೈಯಾಗ ಇರ್ಲಿ. ಕೂಸಿನ ಹತ್ರ ಇಡೂತನಕಾ ಬಿಡಬ್ಯಾಡ."

ನಾನು ಬಿಡಲಿಲ್ಲ. ಹುಬ್ಬಳ್ಳಿ ತನಕ ಮಡಿಲಲ್ಲೇ ಇಟ್ಟುಕೊಂಡೆ. ವಿಮಾನದಲ್ಲಿ ಸಿಕ್ಕದ್ದು ಒಂದೇ ಸೀಟು. ನಮ್ಮ ಮನೆಯವರು ವಿಮಾನ ನಿಲ್ದಾಣದ ಬಾಗಿಲ ತನಕ ಬಂದು, ಒಳಗೆ ಬಿಡುವುದಿಲ್ಲವೆಂದು ಗೊತ್ತಾಗಿ, ಅಂಗಡಿ ತೆರೆದೇ ಬಂದಿದ್ದೇನೆ ಎನ್ನುತ್ತ ತಿರುಗಿ ಹೊರಟರು. ಬಾಣಂತಿಗೂ ಕೂಸಿಗೂ ಬೇಕಾದ ಅಂಟಿನುಂಡಿ, ಹಳೆ ಸೀರೆ, ಬಜೆ ಎಲ್ಲ ಇದ್ದ ದೊಡ್ಡ ಬ್ಯಾಗನ್ನು ಕೌಂಟರಿನವರು ತೂಗಿ ಒಳಗೆ ಕಳಿಸಿದರು. ಅಡಕೊತ್ತು ಇದ್ದ ನನ್ನ ಕೈಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಅದನ್ನು ಬದಿಗೆ ತೆಗೆದಳು. ಮಾತು ಕೇಳಿದರೆ ವಿಜಯಪುರದ ಕಡೆಯವಳು.

"ಅಮ್ಮಾರ, ಇದರಾಗ ಏನೈತ್ರಿ? ಚಾಕೂ?"

"ಚಾಕು ಅಲ್ಲವಾ, ಅಡಕೊತ್ತ. ಮೊಮ್ಮಗಳಿಗೆ ಒಯ್ಯಾಕತ್ತೇನಿ."

ಅವಳು ಬಟ್ಟೆ ಬಿಚ್ಚಿ ಬಾಯಿ ತೆರೆದು ನೋಡಿದಳು. "ಅಲಗ ಚೂಪೈತ್ರಿ. ಇದನ್ನ ಒಳಗ ಬಿಡಾಕ ಬರೂದಿಲ್ಲ. ಹೊರಗ ನಿಮ್ಮವರು ಯಾರರ ಇದ್ದರ ಕೊಟ್ಟ ಬರ್ರಿ."

ನಮ್ಮ ಮನೆಯವರಿಗೆ ಫೋನು ಹಚ್ಚಿದೆ. ಅವರಾಗಲೇ ಬಸ್ಸಿನಲ್ಲಿ ಕೂತು ಹುಬ್ಬಳ್ಳಿ ದಾಟಿದ್ದರು. ಅತ್ತ ಮೈಕಿನಲ್ಲಿ ದಿಲ್ಲಿಯ ವಿಮಾನ ಹತ್ತಿರಿ ಎಂದು ಕೂಗುತ್ತಿದ್ದರು. ನಾನು ಬಿಟ್ಟೇನೆಯೇ, ಜಗಳಕ್ಕೆ ನಿಂತೆ. "ಯವ್ವಾ, ಈ ಅಡಕೊತ್ತಲೆ ನಾವು ಅಡಕೀನೂ ಕತ್ತರಸಂಗಿಲ್ಲ. ಇನ್ನ ವಿಮಾನದಾಗ ಯಾರನ್ನ ಕತ್ತರಸಲಿ?" ಹಿಂದೆ ನಿಂತವರು ನಕ್ಕರು. ಅವಳು ನಗಲಿಲ್ಲ. ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದಳು: "ನಾ ಹುಟ್ಟಿದಾಗ ನಮ್ಮವ್ವನೂ ಕಬ್ಬಿಣ ಇಟ್ಟಿದ್ಲಂತ್ರಿ. ಗೊತ್ತಾಗತೈತಿ. ಆದ್ರ ನನ್ನ ಕೈಯಾಗಿಲ್ಲ."

ಬದಿಯಲ್ಲಿ ಒಂದು ಪಾರದರ್ಶಕ ಡಬ್ಬಿ ಇತ್ತು. ಅದರ ತುಂಬ ಕತ್ತರಿ, ಲೈಟರು, ಯಾರದೋ ಉಗುರು ತೆಗೆಯುವ ಸಾಮಾನು. ಅಜ್ಜಿಯ ಅಡಕೊತ್ತನ್ನು ಕಣ್ಣಿಗೊತ್ತಿಕೊಂಡು ಅದರಲ್ಲಿ ಹಾಕಿದೆ. ಟಣ್ ಅಂತು. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು, ಅಣ್ಣನ ಮೇಲೆ ಬಂತು, ಅಂಗಡಿಗೆ ಓಡಿದ ಗಂಡನ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚು ಮಾಲತೇಶನ ಮೇಲೆ ಬಂತು.

ಮೊದಲ ಸಲ ವಿಮಾನ ಹತ್ತಿದವಳು, ಕಿಡಕಿಯ ಹೊರಗೆ ಏನಿತ್ತೋ ನೋಡಲಿಲ್ಲ. ಸೀಟಿನ ಪಟ್ಟಿ ಕಟ್ಟಿಕೊಳ್ಳುವುದು, ಬಿಚ್ಚುವುದು, ಮತ್ತೆ ಕಟ್ಟಿಕೊಳ್ಳುವುದು. ಪಕ್ಕದ ಗಂಡಸು ಎರಡು ಸಲ ದುರುಗುಟ್ಟಿ ನೋಡಿದ. ಕಡೆಗೆ ಕಣ್ಣುಮುಚ್ಚಿ, "ಮಾಲತೇಶಾ, ಆ ಕೂಸಿನ ಹತ್ರ ಇಡಾಕ ನನ್ನ ಕೈಯಾಗ ಏನೂ ಉಳೀಲಿಲ್ಲ. ಇದ್ದದ್ದನ್ನ ಕಸಗೊಂಡಿ. ಇನ್ನ ಏನರ ನೀನ ಕೊಡು" ಎಂದೆ. ಬೇಡಿದ್ದೋ ಬೈದದ್ದೋ ನನಗೇ ತಿಳಿಯದು.

ಆಸ್ಪತ್ರೆಯಲ್ಲಿ ಗಾಜಿನಾಚೆಯಿಂದ ಕೂಸನ್ನು ತೋರಿಸಿದರು. ಅಂಗೈಯಷ್ಟು ಜೀವ, ಮೈತುಂಬ ವೈರು. ಆಗಾಗ ಅದು ಉಸಿರಾಡುವುದನ್ನೇ ಮರೆತುಬಿಡುತ್ತಿತ್ತು. ಆಗ ಯಂತ್ರ ಕಿರುಚುತ್ತಿತ್ತು, ನರ್ಸು ಓಡಿಬಂದು ಅಂಗಾಲು ತಟ್ಟುತ್ತಿದ್ದಳು. ಡಾಕ್ಟರು ಅಳಿಯನಿಗೆ, ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಹೀಗಾಗುತ್ತದೆ, ಈಗಲೇ ಏನೂ ಹೇಳಲಾರೆವು ಅಂದರಂತೆ.

ಸುಮಾ ಬೇರೆ ವಾರ್ಡಿನಲ್ಲಿದ್ದಳು. ಮೈ ಕೆಂಡ. ನನ್ನನ್ನು ಕಂಡವಳೇ ಹೇಗಿದ್ದೀ ಎನ್ನಲಿಲ್ಲ.

"ಅವ್ವಾ, ಅಡಕೊತ್ತ ತಂದೀಯಿಲ್ಲೋ?"

"ವಿಮಾನದಾಗ ಬಿಡಲಿಲ್ಲವಾ. ಇಸಗೊಂಡ್ರು."

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಪೇಟೆಗೆ ಹೋಗಿ ಒಂದು ಚಾಕು ತಾ ಎಂದು ಅಳಿಯನ ಬೆನ್ನುಹತ್ತಿದೆ. "ಅತ್ತಿ, ಒಳಗ ಕರವಸ್ತ್ರಾನೂ ಬಿಡಂಗಿಲ್ಲ, ಚಾಕು ಎಲ್ಲಿ ಬಿಡ್ತಾರ್ರಿ?" ಅಂದ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಆ ಗಾಜಿನಿಂದ ಸುಮಾಳ ಮಂಚಕ್ಕೆ, ಮಂಚದಿಂದ ಗಾಜಿಗೆ ಬಾಲ ಸುಟ್ಟ ಬೆಕ್ಕಿನಂತೆ ತಿರುಗಿದೆ. ಅಳಬಾರದೆಂದು ಹಲ್ಲು ಕಚ್ಚಿ ಹಿಡಿದಿದ್ದೆ, ಕಡೆಗೆ ನಳದ ಮುಂದೆ ನಿಂತು ಅತ್ತೆ.

ಎರಡು ದಿನ ಹೀಗೇ ಹೋಯಿತು. ಮರುದಿನ ಮುಂಜಾನೆ ನರ್ಸು ಹೊರಗೆ ಬಂದು ಅಳಿಯನ ಜೊತೆ ಹಿಂದಿಯಲ್ಲಿ ಮಾತಾಡಿದಳು. ಹೊರಗಿನ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಕಲಿತ ಹಿಂದಿ ನನ್ನದು, ಅಷ್ಟಿಷ್ಟು ತಿಳಿಯಿತು. ಕೂಸನ್ನು ಯಾರಾದರೂ ಬರಿ ಎದೆಗೆ ಹಚ್ಚಿಕೊಂಡು ಕೂರಬೇಕು. ಮೈಯ ಕಾವಿಗೆ, ಎದೆಬಡಿತಕ್ಕೆ ಅದರ ಉಸಿರು ಹದಕ್ಕೆ ಬರುತ್ತದೆ. ತಾಯಿಗೆ ಜ್ವರ, ತಂದೆಗೆ ಕೆಮ್ಮು. ನರ್ಸು ನನ್ನ ಕಡೆ ನೋಡಿದಳು.

ನಾನು ಹಿಂದೆ ಸರಿದೆ. "ನಂದು ಮೆಣಸಿನಕಾಯಿ ಕೈ. ಎಷ್ಟ ತೊಳದ್ರೂ ಕಾರ ಹೋಗಂಗಿಲ್ಲ. ಕೂಸು ಉರದ ಸತ್ತೀತು" ಎಂದು ಅಳಿಯನಿಗೆ ಹೇಳಿದೆ. ಅವನು ಹೇಳಿದ್ದನ್ನು ಕೇಳಿ ನರ್ಸು ನಕ್ಕಳು. ಸ್ನಾನ ಮಾಡಿ ಬರಲಿ, ಚೆನ್ನಾಗಿ ತೊಳೆಸುವುದು ತನ್ನ ಕೆಲಸ, ಆದರೆ ಮೊಣಕೈ ಕೆಳಗೆ ಏನೂ ಇರಬಾರದು, ಕೊರಳಲ್ಲೂ ಇರಬಾರದು ಅಂದಳು.

ನನ್ನ ಕೈತುಂಬ ಹಸಿರು ಗಾಜಿನ ಬಳೆ. ಮುತ್ತೈದೆಯಾದ ಮೇಲೆ ಒಂದು ದಿನವೂ ಕೈ ಬರಿದಾಗಿರಲಿಲ್ಲ. ನಮ್ಮಲ್ಲಿ ಬಳೆ ಒಡೆಯಿತು ಎಂದು ಬಾಯಲ್ಲಿ ಸಹ ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಸಾಬೂನು ಹಚ್ಚಿ ಎಳೆದೆ. ಕೆಲವು ಬಂದವು, ಬಲಗೈಯ ನಾಲ್ಕು ಜಪ್ಪಯ್ಯ ಅಂದರೂ ಬರಲಿಲ್ಲ. ಒಡೆಯದೆ ಗತಿಯಿಲ್ಲ. ಗಂಡ ಗಟ್ಟಿಮುಟ್ಟಾಗಿರುವಾಗ ಯಾವಳು ತನ್ನ ಬಳೆ ತಾನೇ ಒಡೆದುಕೊಂಡಾಳು? ಊರಲ್ಲಿದ್ದ ನಮ್ಮ ಮನೆಯವರಿಗೇ ಫೋನು ಹಚ್ಚಿದೆ.

ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಒಡಿಯೇ, ಒಡಿ! ತಾಳೀನೂ ತಗದ ಅಳಿಯನ ಕೈಯಾಗ ಕೊಡು. ನಾ ಏನ್ ಸಾಯಂಗಿಲ್ಲ, ಇಲ್ಲೇ ಚಾ ಕುಡ್ಯಾಕತ್ತೇನಿ. ಮೊದಲ ಕೂಸಿನ್ನ ಹಿಡಕೋ ಹೋಗು, ಲಗೂ!"

ಒಡೆದೆ. ಮೊಣಕೈ ತನಕ ತೊಳೆಸಿದರು, ಮುಂದೆ ಗುಂಡಿಯಿರುವ ಅಂಗಿ ತೊಡಿಸಿದರು. ಒರಗು ಕುರ್ಚಿಯಲ್ಲಿ ಕೂರಿಸಿ, ಆ ವೈರುಗಳ ಸಮೇತ ಕೂಸನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದರು. ತೂಕವೇ ಇರಲಿಲ್ಲ. ಅದರ ಕೆನ್ನೆ ನನ್ನ ಎಲುಬಿಗೆ ತಾಗಿತು. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇಷ್ಟು ಜೋರಾದರೆ ಕೂಸು ಹೆದರೀತು ಎಂದು ಉಸಿರು ನಿಧಾನ ಮಾಡಿದೆ. ಅದೂ ನಿಧಾನವಾಗಿ ಉಸಿರು ಬಿಟ್ಟಿತು. ನಾನು ಎಳೆದುಕೊಂಡೆ, ಅದೂ ಎಳೆದುಕೊಂಡಿತು. ಯಂತ್ರ ಈಗ ಕಿರುಚೀತು, ಆಗ ಕಿರುಚೀತು ಎಂದು ಕಿವಿಗೊಟ್ಟು ಕೂತೆ. ಕಿರುಚಲಿಲ್ಲ.

ಆಗ ನನಗೆ ತಿಳಿಯಿತು. ಕೂಸಿನ ಹತ್ತಿರ ಇಡಲು ಏನಾದರೂ ಕೊಡು ಎಂದು ಮಾಲತೇಶನನ್ನು ಕೇಳಿದ್ದೆ. ಅವನು ನನ್ನನ್ನೇ ಇಟ್ಟ.

ಇದನ್ನು ಓದಿ ಯಾರೂ ಬಾಣಂತಿಯ ಕಬ್ಬಿಣ ಸುಳ್ಳೆಂದು ತಿಳಿಯಬೇಡಿ. ಹಿರಿಯರ ರೂಢಿಯನ್ನು ಹಳಿಯಲು ನಾನು ಯಾರು? ಔಷಧ ಕೊಟ್ಟವರು ಡಾಕ್ಟರು, ಹಗಲಿರುಳು ಕಾದವರು ನರ್ಸಮ್ಮಂದಿರು, ಅವರ ಋಣವೂ ನನ್ನ ಮೇಲಿದೆ. ಆದರೆ ಒಂದು ಕಡೆ ಚಣ ಹೊತ್ತು ಕೂರದ ಈ ಗಂಗವ್ವ ದಿನಕ್ಕೆ ಎಷ್ಟೋ ತಾಸು ಅಲ್ಲಾಡದೆ ಕೂತದ್ದು ನನ್ನ ಬಲದಿಂದ ಅಲ್ಲ. ಅದು ಮಾಲತೇಶ ಮಾಡಿಸಿದ್ದು. ಬೆನ್ನು ನೋಯುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು, ಏಳುವ ಮನಸ್ಸಾಗುತ್ತಿರಲಿಲ್ಲ. ಕೂಸು ಉಸಿರು ಮರೆಯುವುದು ಕಡಿಮೆಯಾಗುತ್ತ ಬಂದು ಒಂದು ದಿನ ನಿಂತೇ ಹೋಯಿತು. ಮೈಗೆ ಸ್ವಲ್ಪ ಮಾಂಸ ಹತ್ತಿತು.

ಸುಮಾಳ ಜ್ವರ ಪೂರಾ ಇಳಿದ ದಿನ ಅವಳನ್ನು ನನ್ನ ಪಕ್ಕದ ಕುರ್ಚಿಗೆ ಕರೆತಂದರು. ಅವಳು ನನ್ನ ಬರಿಗೈಗಳನ್ನು ನೋಡಿದಳು, ಕೂಸನ್ನು ನೋಡಿದಳು, ಎರಡೂ ಕೈ ಚಾಚಿದಳು.

"ಕೊಡಬೇ ಅವ್ವಾ. ಇನ್ನ ನಾ ಹಿಡಕೊಂತೇನಿ."

ಕೊಡಲು ಮನಸ್ಸು ಬರಲಿಲ್ಲ, ಖರೇ ಹೇಳುತ್ತೇನೆ. ಒಂದು ಗಳಿಗೆ ಇನ್ನೂ ಒತ್ತಿ ಹಿಡಿದೆ. ಆಮೇಲೆ ಕೊಟ್ಟೆ. ಕೂಸು ಮುಖ ಸಿಂಡರಿಸಿ, ತಾಯಿಯ ಎದೆಯಲ್ಲಿ ಜಾಗ ಹುಡುಕಿಕೊಂಡು ಮಲಗಿತು. ದೇವರಗುಡ್ಡದಲ್ಲಿ ನಿಂತು ಮಾಲತೇಶನ ಭಕ್ತರು ಕೂಗುವ ಹಾಗೆ ಏಳುಕೋಟಿಗೋ ಎಂದು ಕೂಗಲು ಬಾಯಿ ತೆರೆದಿದ್ದೆ. ಕೂಸು ಎದ್ದೀತೆಂದು ಮನಸ್ಸಿನಲ್ಲೇ ಅಂದೆ.