ಬಲ್ಬಿನಡಿಯ ಹಳದಿ ನೀರು

ಮುದ್ದಣ್ಣನನ್ನು ವೆರೊನಿಕಾ ಬಾಯಿ ಮೊದಲು ಕಂಡದ್ದು ಎಂಬತ್ತನಾಲ್ಕನೇ ಇಸವಿಯಲ್ಲಿ, ಕಾಪು ಕಡಲಿನ ಉಪ್ಪುನೀರನ್ನು ಬಾಟ್ಲಿ ತುಂಬ ಹಿಡಿದುಕೊಂಡು ಅವನು ಅಲ್ಲೇ ಇದ್ದ ಅವರ ಮನೆಗೆ ಬಾಡಿಗೆಗೆ ಕೋಣೆ ಕೇಳಲು ಬಂದ ದಿನ. ಅವನ ಊರು ಕಾರ್ಕಳ, ಸಂಶೋಧನೆ ಮಣಿಪಾಲದಲ್ಲಿ. ಕಡಲ ನೀರಲ್ಲಿ ಕಣ್ಣಿಗೆ ಕಾಣದ ಹಸಿರು ಜೀವಗಳು ಉಂಟಂತೆ, ಗಿಡದ ಹಾಗೆ ಬೆಳಕಿನಲ್ಲೇ ಬದುಕುತ್ತವಂತೆ. ಅವುಗಳ ಬಣ್ಣ ತಾಯಿಯಿಂದ ಮಕ್ಕಳಿಗೆ ಹೇಗೆ ಇಳಿಯುತ್ತದೆಂದು ನೋಡುವುದೇ ಕೆಲಸವಂತೆ. ಮೀನಾದರೆ ಸಾರಾದರೂ ಆಗುತ್ತಿತ್ತು ಎಂದುಕೊಂಡು ಬಾಯಿ ಕೋಣೆ ಕೊಟ್ಟರು.

ಯಾವುದೋ ನೇರಳೆ ದೀಪದಡಿ ಹಿಡಿದ ಮೇಲೆ ಆ ಹಸಿರಿನಲ್ಲಿ ಒಂದು ಕುಲ ಹಳದಿಯಾಗಿ ಹುಟ್ಟಿತು. ಮಕ್ಕಳು, ಮೊಮ್ಮಕ್ಕಳೂ ಹಳದಿ. ಇದ್ದದ್ದು ಅದೊಂದೇ ಬಾಟ್ಲಿ. ಮುದ್ದಣ್ಣನ ಡಾಕ್ಟರೇಟು ಅದರೊಳಗೇ ತೇಲುತ್ತಿತ್ತು. ರಜೆಯಲ್ಲಿ ಮಣಿಪಾಲದ ಕೋಣೆಗೆ ಬೀಗ ಬೀಳುವುದರಿಂದ ಅದನ್ನು ಕಾಪುವಿಗೆ ತಂದ. ಅದಕ್ಕೆ ಹಗಲೂ ರಾತ್ರಿ ಬೆಳಕು ಬೇಕು. ಬಾಯಿಯೋ ಊಟವಾದದ್ದೇ ಸ್ವಿಚ್ಚು ಆರಿಸುವವರು. ಆರದ್ದು ಯೇಸುವಿನ ಪಟದ ಮುಂದಿನ ಕೆಂಪು ಬಲ್ಬೊಂದೇ. ಅಪ್ಪಣೆ ಕೇಳಿ ಅಲ್ಲಿಗೆ ನಲ್ವತ್ತು ವಾಟಿನ ಬಿಳಿ ಬಲ್ಬು ಹಾಕಿ, ಅದರಡಿ ಬಾಟ್ಲಿ ಇಟ್ಟು, ಕಾರ್ಕಳಕ್ಕೆ ಹೋದ. ಬಾಯಿಗೆ ಭಕ್ತಿ ಹೆಚ್ಚಿತೆಂದು ನೆರೆಯವರು ಮಾತಾಡಿಕೊಂಡರು.

ಬಾಯಿ ಉಡುಪಿಗೆ ಹೋಗಿದ್ದಾಗ ಪಕ್ಕದ ಮನೆಯ ಸೆಲೀನ್ ಬಂದಳು. ಅವಳ ಎಮ್ಮೆ ಹಾಲು ಬಿಡದೆ ಹಠ ಹಿಡಿದಿತ್ತು. ಪಟದ ಮುಂದಿನ ಬಾಟ್ಲಿಗೆ ಬೆರಳದ್ದಿ ನೆಕ್ಕಿದಳು. ತೀರ್ಥ ಮಂತ್ರಿಸುವಾಗ ಪಾದ್ರಿಗಳು ಉಪ್ಪು ಹಾಕುತ್ತಾರಲ್ಲ, ಇದೂ ಉಪ್ಪು. ಮತ್ತೆ ಸಂಶಯವೆಲ್ಲಿ? ಎಮ್ಮೆಗೆ ಧಾರಾಳವಾಗಿ ಚಿಮುಕಿಸಿ, ಉಳಿದದ್ದನ್ನು ತನ್ನ ಬಾಗಿಲ ಬಳಿಯ ತೀರ್ಥದ ಬಟ್ಟಲಿಗೆ ಸುರಿದು, ಬಾಟ್ಲಿಯನ್ನು ಬೂದಿ ಹಾಕಿ ತೊಳೆದು ತಂದಿಟ್ಟಳು.

ರಜೆ ಮುಗಿಸಿ ಬಂದ ಮುದ್ದಣ್ಣ ಫಳಫಳ ಹೊಳೆಯುವ ಬಾಟ್ಲಿಯನ್ನು ಎತ್ತಿ ಬಲ್ಬಿಗೆ ಹಿಡಿದು ನೋಡಿದ.

"ನನ್ನ ಕೆಲಸ ಎಲ್ಲ ಹೋಯಿತು ಬಾಯಮ್ಮ."

ಆಗಲೇ ಸೆಲೀನ್ ಹಾಲಿನ ಲೋಟ ಹಿಡಿದು ಒಳಬಂದಳು. "ನಿಮ್ಮ ತೀರ್ಥ ಭಾರೀ ಒಳ್ಳೆಯದುಂಟು. ಎಮ್ಮೆ ಹಾಲು ಬಿಟ್ಟಿತು. ಉಳಿದದ್ದು ನಮ್ಮ ಬಾಗಿಲ ಬಟ್ಟಲಲ್ಲಿ ಉಂಟು."

ಬಾಯಿ ಚಮಚ ಹಿಡಿದು ಸೆಲೀನಳ ಅಂಗಳ ದಾಟಿದರು. ಬಟ್ಟಲಲ್ಲಿ ಉಳಿದದ್ದು ಒಂದು ಚಮಚದಷ್ಟು. ಸೆಲೀನಳ ಮನೆಮಂದಿಯೆಲ್ಲ ಬೆರಳದ್ದಿ ಶಿಲುಬೆಯ ಗುರುತು ಹಾಕಿ ಉಳಿಸಿದ್ದು. ಅದನ್ನೇ ಮುದ್ದಣ್ಣ ಮಣಿಪಾಲಕ್ಕೆ ಒಯ್ದು, ಪಾಚಿಯಿಂದ ಮಾಡಿದ ಜೆಲ್ಲಿಯ ತಟ್ಟೆಯ ಮೇಲೆ ತೆಳುವಾಗಿ ಗೀರಿ ಬೆಳಕಿಗಿಟ್ಟ. ಎಲ್ಲರ ಬೆರಳಿನ ಕೊಳೆಯೂ ಬೇರೆ ಬೇರೆ ಚುಕ್ಕಿಯಾಗಿ ಬೆಳೆಯಿತು. ಅಂಚಿನಲ್ಲೊಂದು ಹಳದಿ ಚುಕ್ಕಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೇ ಕುಲ.

ಡಾಕ್ಟರೇಟು ಸಿಕ್ಕಿ ಊರು ಬಿಡುವ ದಿನ ಅವನು ಹಳದಿ ನೀರಿನ ಎರಡು ಬಾಟ್ಲಿ ತಂದ. ಒಂದನ್ನು ಬಲ್ಬಿನಡಿ ಇಟ್ಟ. ಇನ್ನೊಂದನ್ನು ಕೈಯಲ್ಲೇ ಹಿಡಿದು, ನೆರೆಮನೆಯತ್ತ ನೋಡಿ, ನಾಚಿಕೊಂಡು ಕೇಳಿದ:

"ಎರಡೂ ಒಂದೇ ಮನೆಯಲ್ಲಿ ಬೇಡ ಬಾಯಮ್ಮ, ಒಂದು ಹೋದರೆ ಇನ್ನೊಂದು ಅಲ್ಲಿರಲಿ. ಸೆಲೀನ್ ಬಾಯಿಯ ಎಮ್ಮೆ ಈಗ ಸರಿ ಹಾಲು ಕೊಡುತ್ತದಲ್ವಾ?"