ಬೂದಿ ಹಚ್ಚಿ ತೊಳೆದ ಹನ್ನೊಂದು ಕಲ್ಲು

ಕಲ್ಲಿಗೆ ಬೂದಿ ಹಚ್ಚಿ, ಗಸಗಸ ತಿಕ್ಕಿ, ಸ್ನಾನ ಮಾಡಿಸಿದ್ದೀರಾ ಎಂದಾದರೂ? ನಗಬೇಡಿ. ನಾನು ಮಾಡಿಸಿದ್ದೇನೆ. ಒಂದಕ್ಕಲ್ಲ, ಹನ್ನೊಂದಕ್ಕೆ.

ಭೂವಿಜ್ಞಾನ ಓದುವ ಮೊಮ್ಮಗಳು ಅರಣ್ಯ ಇಲಾಖೆಯ ಅಪ್ಪಣೆ ಚೀಟಿ ಹಿಡಿದು ನಾಲ್ಕು ದಿನ ಜೋಯಿಡಾ ಕಡೆ ಅಲೆದು, ಗ್ರಾನೈಟ್ ತುಂಡುಗಳನ್ನು ಹಳಿಯಾಳದ ನಮ್ಮ ಮನೆಗೆ ತಂದಿದ್ದಳು. ಕಲ್ಲಿನ ಮೇಲೆ ಕರಿ ಪೆನ್ನಿನ ನಂಬರು, ಬಟ್ಟೆಚೀಲದೊಳಗೆ ಊರಿನ ಹೆಸರು ಬರೆದ ಚೀಟಿ. ಊಟ ಮಾಡಿದವಳೇ ಮಲಗಿಬಿಟ್ಟಳು. ಪಾಪ, ದಣಿದಿದ್ದಾಳೆ, ಧೂಳನ್ನಾದರೂ ನಾನು ತೆಗೆಯೋಣ ಎಂದು ಬಚ್ಚಲ ಒಲೆಯ ಬೂದಿ ತಂದು ಕೂತೆ. ಆ ಕರಿ ಗೀಚು ಬೇಗ ಬಿಡಲಿಲ್ಲ. ತೆಂಗಿನ ನಾರಿನಿಂದ ಹಟ ಹಿಡಿದು ತಿಕ್ಕಿದೆ. ಚೀಲಗಳನ್ನೂ ಸೋಪಿನಲ್ಲಿ ಹಿಂಡಿ ತಂತಿಗೆ ಹಾಕಿದೆ. ಒಳಗಿದ್ದ ಚೀಟಿಗಳು ಮುದ್ದೆಯಾಗಿದ್ದವು.

ಎದ್ದು ಬಂದವಳು ಕಿರುಚಿದಳು: "ಆಯಿ! ಏನ್ ಮಾಡಿದಿ ಇದು?"

"ತೊಳದೇನಿ. ನೋಡು, ಹೆಂಗ ಮಿಂಚಾಕತ್ತಾವ!"

"ಬೂದ್ಯಾಗ ಪೊಟ್ಯಾಶ್ ಇರ್ತೈತಿ. ನಾ ಕಲ್ಲಿನ್ಯಾಗ ಅದನ್ನ ಅಳತಿ ಮಾಡಾಕಿ!"

ಅಳುವೊಂದು ಬಾಕಿ. ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದಳು. ಬಹಳ ಹಿಂದೆ ಎರಡು ಖಂಡಗಳು ಒಂದನ್ನೊಂದು ಗುದ್ದಿದಾಗ ಅಡಿಯ ಬಂಡೆ ಕರಗಿತಂತೆ. ಆ ಬೆಂಕಿಯಂಥ ರಸ ನೆಲದಾಳದಲ್ಲೇ ನಿಂತು, ಬಲು ನಿಧಾನವಾಗಿ ಆರಿ ಗ್ರಾನೈಟ್ ಆಯಿತಂತೆ. ಏನು ಕರಗಿತ್ತು, ಎಷ್ಟು ಆಳದಲ್ಲಿ ಕರಗಿತ್ತು ಎಂಬುದನ್ನು ಕಲ್ಲಿನೊಳಗಿನ ಪೊಟ್ಯಾಶ್, ಇನ್ನೂ ಏನೇನೋ ಧಾತುಗಳ ಪ್ರಮಾಣವೇ ಹೇಳುತ್ತದಂತೆ. ಬೂದಿ ಹತ್ತಿದ ಮೇಲ್ಪದರವನ್ನು ಕೊಯ್ದು ಬಿಸಾಡಬಹುದು. ಆದರೆ ಯಾವ ಕಲ್ಲು ಯಾವ ಜಾಗದ್ದು ಎಂದು ತಿಳಿಯದಿದ್ದರೆ ಅದು ಬರೀ ಕಲ್ಲು. ಮರುದಿನ ಸಂಜೆಯೇ ಅವಳು ಕಾಲೇಜಿಗೆ ಹೊರಡಬೇಕಿತ್ತು.

ಮೊಬೈಲಿನ ಫೋಟೋ ನೋಡಿ ಒಂಬತ್ತನ್ನು ಗುರುತಿಸಿದಳು. ಉಳಿದ ಎರಡು ಅವಳಿ ಮಕ್ಕಳ ಹಾಗಿದ್ದವು. ಅದೇ ನಸುಗೆಂಪು, ಅದೇ ಕರಿ ಚುಕ್ಕೆ. ಒಂದು ಸೂಪಾ ಕಡೆಯದು, ಇನ್ನೊಂದು ಅಣಶಿಯದು.

"ಸೂಪಾದ್ದು ಯಾವುದು, ಆಯಿ? ಚೀಲದಿಂದ ತಗಿಯೂವಾಗ ಚೀಟಿ ನೋಡಿದ್ಯಾ?"

ಅವಳ ಮುಖ ನೋಡಲಾಗಲಿಲ್ಲ. ಎಡಗಡೆಯ ಕಲ್ಲಿನ ಕಡೆ ನನ್ನ ಬೆರಳು ತಾನಾಗಿಯೇ ಎದ್ದಿತು. ತೋರಿಸಿದರೆ ನಂಬುತ್ತಾಳೆ, ಬರೆದುಕೊಳ್ಳುತ್ತಾಳೆ, ನಿಶ್ಚಿಂತೆಯಿಂದ ಹೋಗುತ್ತಾಳೆ. ಆಮೇಲೆ ಅಣಶಿಯ ಕಥೆಯನ್ನು ಸೂಪಾದ ತಲೆಗೆ ಕಟ್ಟಿ ಪರೀಕ್ಷಕರ ಮುಂದೆ ನಿಲ್ಲುವವಳೂ ಅವಳೇ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಇಲ್ಲವ್ವಾ. ನೋಡಲಿಲ್ಲ."

ಅವಳು ಎರಡೂ ಕಲ್ಲನ್ನು ಬದಿಗಿಟ್ಟಳು. "ಹಂಗಾರ ನಸುಕಿನ್ಯಾಗ ಜೀಪ್ ಮಾಡ್ಕೊಂಡು ಎರಡೂ ಕಡೆ ಮತ್ತ ಹೋಗೂಣು. ನೀನೂ ಬಾ, ಚೀಟಿ ಬರಿಯಾಕ."

ಹೋದೆವು. ಸೂಪಾ ಮುಗಿಸಿ, ಅಣಶಿಯ ತಿರುವಿನಲ್ಲಿ ಅವಳು ಬಂಡೆಗೆ ಸುತ್ತಿಗೆ ಹಾಕಿದಳು. ನಾನು ದಪ್ಪ ಅಕ್ಷರದಲ್ಲಿ ಊರಿನ ಹೆಸರು ಬರೆದು ಚೀಲ ಕಟ್ಟಿದೆ. ಕಲ್ಲು ಸಿಕ್ಕರೂ ಅವಳ ಮೂಗಿನ ತುದಿ ಕೆಂಪಾಗಿಯೇ ಇತ್ತು. ನನಗೆ ಸುಮ್ಮನಿರಲಾಗಲಿಲ್ಲ.

"ಅಷ್ಟ್ ದೊಡ್ಡ ಖಂಡ ಗುದ್ದ್ಯಾಡಿದ್ರೂ ಈ ಕಲ್ಲು ನೋಡು, ಹೆಂಗ ತಣ್ಣಗ ಕುಂತೈತಿ. ನೀ ಅಳಿಸಿಹೋದ ಎರಡ ನಂಬರಿಗೆ ಇನ್ನೂ ಕುದಿಯಾಕತ್ತಿ."

ಸುತ್ತಿಗೆಯನ್ನು ಚೀಲಕ್ಕೆ ತುರುಕುತ್ತ ಅವಳೆಂದಳು: "ಅದಕ್ಕ ತಣ್ಣಗಾಗಾಕ ಲಕ್ಷಗಟ್ಲೆ ವರ್ಷ ಸಿಕ್ಕಿದ್ವು, ಆಯಿ. ನನಗ ಸಿಕ್ಕಿದ್ದು ಒಂದ ರಾತ್ರಿ!"