ನೀರಾಗಿನ ಟಗರು

ಕಬ್ಬೂರಿನ ರಾಮವ್ವ ಸಾಕುವುದು ಮೀನು. ಆದರೆ ಬಾಯಲ್ಲಿ ಬರುವುದು ಟಗರು ಎಂದೇ. "ಮೂರನೇ ಟಗರು ಮುಂಜಾನಿಂದ ಮೇವಿಗೆ ಬಾಯಿ ಹಚ್ಚಿಲ್ಲ" ಎಂದು ಅವಳು ಚಿಂತೆ ಮಾಡುವುದನ್ನು ಕೇಳಿ ಹಿತ್ತಲಿಗೆ ಹೋದವರಿಗೆ ಕುರಿಯ ಒಂದು ಹಿಕ್ಕೆಯೂ ಸಿಗುವುದಿಲ್ಲ. ಮೊದಲು ಕುರಿಮರಿ ಕೂಡುತ್ತಿದ್ದ, ಪತ್ರಾಸಿನ ತಗಡು ಹೊದಿಸಿದ ಕೋಣೆಯಲ್ಲಿ ಈಗ ಏಳು ಗಾಜಿನ ಪೆಟ್ಟಿಗೆ. ಒಂದೊಂದರಲ್ಲಿ ಒಂದೊಂದು ಫ್ಲವರ್‌ಹಾರ್ನ್ ಮೀನು. ನೆತ್ತಿಯ ಮೇಲೆ ಎತ್ತಿನ ಹಿಣಿಲಿನಂಥ ಡುಬ್ಬ, ಹಣ್ಣುಮೆಣಸಿನಕಾಯಿಯಂಥ ಕೆಂಪು ಮೈ, ಪಕ್ಕೆಯಲ್ಲಿ ಯಾರೋ ಮಸಿಯಲ್ಲಿ ಗೀಚಿ ಓಡಿಹೋದಂಥ ಕಪ್ಪು ಗುರುತು. ಸಿಟ್ಟೂ ಟಗರಿನದೇ. ಪಕ್ಕದ ಪೆಟ್ಟಿಗೆಯದನ್ನು ಕಂಡರೆ ಸಾಕು, ಗಾಜಿಗೆ ಡಿಚ್ಚಿ ಹೊಡೆಯುತ್ತವೆ. ಹಾಯುವ ಎರಡು ಟಗರುಗಳ ನಡುವೆ ರಾಮವ್ವನ ಮಾವ ಕಂಬಳಿ ಕಟ್ಟುತ್ತಿದ್ದ. ಅವಳೂ ಅದನ್ನೇ ಮಾಡಿದಳು. ಮನೆಯಲ್ಲಿದ್ದ ಹಳೇ ಕರಿ ಕಂಬಳಿಗಳನ್ನೆಲ್ಲ ಹರಿದು ಪೆಟ್ಟಿಗೆಗಳ ಹಿಂದೆ, ಪಕ್ಕಕ್ಕೆ ಇಳಿಬಿಟ್ಟಳು. ಆರು ವರ್ಷದಿಂದ ಅವು ಹಾಗೇ ಇವೆ.

ಆರು ವರ್ಷದ ಹಿಂದೆ ಅವಳ ಅಣ್ಣನ ಮಗ ಬೀರದೇವ ನಿಪ್ಪಾಣಿಯ ಮೀನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಯಾರೂ ಕೊಳ್ಳದ ಒಂದು ಜೋಡಿಯನ್ನು ತಂದು ಅತ್ತೆಗೆ ಕೊಟ್ಟ. ಮೇಯಿಸುವ ನೆಲವೆಲ್ಲ ಕಬ್ಬಿನ ಪಾಲಾಗಿ, ಗಂಡ ಭೀಮಸಿಯ ಹಿಂಡು ಹನ್ನೆರಡಕ್ಕೆ ಇಳಿದಿತ್ತು. ಕೈಗೆ ಕೆಲಸವಿಲ್ಲದೆ ಕೂತಿದ್ದಳು ರಾಮವ್ವ. ಮರಿ ಹುಟ್ಟಿದ ದಿನವೇ ಇದು ಟಗರಾಗುತ್ತದೋ ಕಟುಕನ ಪಾಲೋ ಎಂದು ಹೇಳುತ್ತಿದ್ದ ಕಣ್ಣು ಅವಳದು. ಅದೇ ಕಣ್ಣಿನಿಂದ ಮೀನಿನ ಮರಿಗಳನ್ನು ಆರಿಸಿದಳು. ಎರಡೇ ವರ್ಷಕ್ಕೆ ಚಿಕ್ಕೋಡಿ, ರಾಯಬಾಗದ ಕಡೆಯಿಂದ ಜನ ಹುಡುಕಿಕೊಂಡು ಬರತೊಡಗಿದರು. ಇಷ್ಟು ಕೆಂಪು ಬೇರೆಲ್ಲೂ ಸಿಗೂದಿಲ್ಲ ಎನ್ನುತ್ತಿದ್ದರು. ಎಲ್ಲ ನನ್ನ ಕಣ್ಣಿನ ಗುಣ ಎಂದೇ ಅವಳೂ ತಿಳಿದಿದ್ದಳು.

ಮಧ್ಯಾಹ್ನ ಪತ್ರಾಸಿನ ತೂತಿನಿಂದ ಒಂದು ಬಿಸಿಲುಕೋಲು ನೀರಿಗಿಳಿಯುತ್ತದೆ. ಆಗ ರಾಮವ್ವ ಗೋಣಿತಾಟು ಹಾಸಿಕೊಂಡು ಕೂತುಬಿಡುತ್ತಾಳೆ. ನೆಲದಿಂದ ಇನ್ನೂ ಉಣ್ಣೆಯ ವಾಸನೆ ಏಳುತ್ತದೆ. ಕಣ್ಣು ಅರ್ಧ ಮುಚ್ಚುತ್ತದೆ. ಹಿಂಡು ನೀರೊಳಗೆ ನಡೆಯತೊಡಗುತ್ತದೆ. ಮುನ್ನೂರು ಕುರಿ, ಒಂದರ ಗೊರಸೂ ಸಪ್ಪಳ ಮಾಡುವುದಿಲ್ಲ. ಮುಂದೆ ಕೆಂಪು ಟಗರು, ಹಿಂದೆ ಹರೆಯದ ಭೀಮಸಿ. ಅವನು ಹಾಕಿದ ಸಿಳ್ಳೆ ಗುಳ್ಳೆಯಾಗಿ ಮೇಲೇರಿ ಒಡೆಯುತ್ತದೆ. ಎಚ್ಚರಾದಾಗ ಸೊಂಟ ಹಿಡಿದಿರುತ್ತದೆ, ಅಷ್ಟೆ.

ಈ ವರ್ಷದ ಮಳೆಗಾಲದ ಮೊದಲಿಗೆ ಅಂಕಲಿಯ ಸಿದ್ದಲಿಂಗ ಬಂದ. ಕಬ್ಬು, ದ್ರಾಕ್ಷಿ ಎರಡೂ ಇದ್ದ ಕುಳ. ಹೊಸ ಮನೆ ಕಟ್ಟಿಸಿದ್ದ. ಹಣೆಯುಬ್ಬಿದ ಕೆಂಪು ಮೀನು ಇಟ್ಟರೆ ಮನೆಗೆ ಕಳೆ ಬರುತ್ತದೆಂದು ಯಾರೋ ಅವನ ಕಿವಿಗೆ ಊದಿದ್ದರು. ತಾನೇ ಆರಿಸಿ, ಎಲ್ಲಕ್ಕಿಂತ ಕೆಂಪಗಿದ್ದುದನ್ನು ಒಯ್ದ.

ಹದಿನೈದು ದಿನಕ್ಕೆ ಭೀಮಸಿ ಅಂಕಲಿಯ ಬಸ್‌ಸ್ಟ್ಯಾಂಡಿನಿಂದ ಮುಖ ಇಳಿಬಿಟ್ಟುಕೊಂಡು ಬಂದ.

"ಏ ಕೇಳಿಲ್ಲಿ. ಆ ಮೀನ ಬೆಳ್ಳಗ ಆಗೇತಂತ. ಚಹಾದಂಗಡ್ಯಾಗ ಹತ್ತ ಮಂದಿ ಮುಂದ ಸಾವಕಾರ ನಮ್ಮ ಮರ್ಯಾದಿ ತಗದಾನ. 'ಕುರಿಗಿ ಹುರಮಂಜ ಬಳ್ಯಾವ್ರು, ಮೀನ ಬಿಟ್ಟಾರೇನ' ಅಂದ್ನಂತ. ಎಲ್ಲಾರೂ ಹಲ್ಲ ಕಿಸದ್ರಂತ."

ರೊಟ್ಟಿ ತಟ್ಟುತ್ತಿದ್ದ ರಾಮವ್ವನ ಕೈ ನಿಂತಿತು. "ನೀ ಏನಂದಿ?"

"ನಾ ಏನ ಅನ್ಲಿ? ಚಹಾ ಅರ್ಧಾ ಬಿಟ್ಟ ಬಂದೆ."

"ಭಾಳ ಶೂರಾ ಬಿಡಪಾ. ಅರ್ಧಾ ಕುಡದ ಯಾಕ ಬಂದಿ?"

ವಾರದೊಳಗೆ ಮೀನು ಹೇಳಿಟ್ಟಿದ್ದ ಇಬ್ಬರು ಬೇಡವೆಂದರು. ಅದು ಅವಳ ಮನಸ್ಸಿಗೆ ಅಷ್ಟು ಹತ್ತಲಿಲ್ಲ. ಹತ್ತಿದ್ದು ಆ ಮಾತು. ಕುರಿಯ ಬೆನ್ನಿಗೆ ಹುರಮಂಜಿನ ಕೆಂಪು ಬಳಿಯುವುದು ಯಾರ ಹಿಂಡು ಯಾರದೆಂದು ತಿಳಿಯಲಿಕ್ಕೆ, ಮಂದಿಗೆ ಟೋಪಿ ಹಾಕಲಿಕ್ಕಲ್ಲ. ಆದರೆ ಬಣ್ಣ ಹಚ್ಚಿ ಮಾರಿದಾಕಿ ಎಂಬ ಹೆಸರು ಅಂಟಿದರೆ ಯಾವ ಹೊಳೆಯಲ್ಲಿ ತೊಳೆಯುವುದು? ಅದರ ಕೆಳಗೆ ಇನ್ನೂ ಒಂದು ಭಯವಿತ್ತು. ತಾನು ಬಣ್ಣ ಹಚ್ಚಿಲ್ಲ, ಸರಿ. ಮತ್ತೆ ಬಣ್ಣ ಹೋದದ್ದೆಲ್ಲಿಗೆ? ತನ್ನ ಕಣ್ಣೇ ಸುಳ್ಳೋ?

ಸೋಮವಾರ ಜಿಟಿಜಿಟಿ ಮಳೆಯಲ್ಲಿ ಕರಿ ಕಂಬಳಿ ಹೊದ್ದು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಅಂಕಲಿಗೆ ಹೋದಳು.

ಸಿದ್ದಲಿಂಗನ ಮನೆಯೊಳಗೆ ಕಾಲಿಟ್ಟರೆ ಕಣ್ಣು ಕುಕ್ಕುವ ಬಿಳುಪು. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಪರದೆ. ಪಡಸಾಲೆಯ ನಟ್ಟನಡುವೆ ಉದ್ದನೆಯ ಗಾಜಿನ ಪೆಟ್ಟಿಗೆ, ಆ ಕಡೆಯಿಂದಲೂ ಈ ಕಡೆಯಿಂದಲೂ ಕಾಣುವಂತೆ. ತಳಕ್ಕೆ ಬಿಳಿ ಹರಳು, ಮೇಲೆ ಹಾಲಿನಂಥ ಲೈಟು. ಅದರೊಳಗೆ ಅವಳ ಟಗರು, ತೊಳೆದೂ ತೊಳೆದೂ ಬಣ್ಣ ಬಿಟ್ಟ ಕುಬಸದಂತೆ ಮೂಲೆ ಹಿಡಿದಿತ್ತು.

ಸಿದ್ದಲಿಂಗ ತೋಟಕ್ಕೆ ಹೋಗಿದ್ದ. ಅವನ ತಾಯಿ ಗಿರಿಜವ್ವ ಇದ್ದಳು.

"ನೀನೇನ ಮೀನ ಕೊಟ್ಟಾಕಿ? ಬಾ, ಕುಂದರ. ಆ ಕಂಬಳಿ ನೀರ ಸುರಸಾಕತ್ತೈತಿ, ಆ ಕುರ್ಚಿ ಮ್ಯಾಲ ಒಣಗ ಹಾಕ. ನೆಲಾ ಹೊಲಸಾದ್ರ ನನ್ನ ಮಗಾ ಮೀನಕ್ಕಿಂತ ಬೆಳ್ಳಗ ಆಕ್ಕಾನ."

ಪೆಟ್ಟಿಗೆಯ ಆಚೆ ಇದ್ದ ಕುರ್ಚಿಯ ಬೆನ್ನಿಗೆ ಕಂಬಳಿ ಹರವಿ, ಈಚೆ ನೆಲದ ಮೇಲೆ ಕೂತಳು ರಾಮವ್ವ. ನೋಡುತ್ತ ಕೂತಳು. ಬೇರೇನು ಮಾಡಬೇಕೋ ತಿಳಿಯಲಿಲ್ಲ ಅವಳಿಗೆ. ಗಿರಿಜವ್ವ ಚಹಾ ಕೊಟ್ಟಳು, ಕುಡಿದಳು. ಗೋಡೆಗಳು ನಿಧಾನ ಕರಗಿ ಮಂಜಾದವು. ಮಂಜಿನಲ್ಲಿ ದಿಕ್ಕುತಪ್ಪಿದ ಹಿಂಡು ನಿಂತಿತ್ತು. ಕುರಿಗೆ ಕುರಿ ಕಾಣದು, ಎಲ್ಲ ಬಿಳಿ. ಮೇವಿಲ್ಲ, ನೆರಳಿಲ್ಲ, ಬೆನ್ನು ಕೊಟ್ಟು ಮಲಗಲು ಒಂದು ಬಂಡೆಯಿಲ್ಲ. ಆಗ ದೂರದಲ್ಲೊಂದು ಕರಿಗುಡ್ಡ ಎದ್ದಿತು. ಕೆಂಪು ಟಗರು ಮೂಸಿತು, ನಡೆಯಿತು. ಗುಡ್ಡದ ನೆರಳಿಗೆ ಬಂದು ಮೈ ಕೊಡವಿತು. ಕೊಡವಿದಲ್ಲೆಲ್ಲ ಕೆಂಪು.

ರಾಮವ್ವ ಕಣ್ಣುಜ್ಜಿಕೊಂಡಳು. ಕನಸು ಹೋಗಿತ್ತು, ಕೆಂಪು ಹೋಗಿರಲಿಲ್ಲ. ಮೀನು ಮೂಲೆ ಬಿಟ್ಟು ಕಂಬಳಿಯ ಕರಿ ಬಿದ್ದ ಕಡೆ ಬಂದು ನಿಂತಿತ್ತು. ಕಿವಿರಿನ ಕೆಳಗೆ, ಹೊಟ್ಟೆಯ ಮೇಲೆ ರಕ್ತ ಹರಿದಂತೆ ಬಣ್ಣ ಏರುತ್ತಿತ್ತು. ಮಸಿಯ ಗುರುತು ಎದ್ದು ಕಾಣುತ್ತಿತ್ತು.

ಬೆಳಿಗ್ಗೆಯಿಂದ ಕೂತವಳು ಮಧ್ಯಾಹ್ನಕ್ಕೆ ಪಕ್ಕನೆ ನಕ್ಕಳು. ಆರು ವರ್ಷದಲ್ಲಿ ಒಂದು ದಿನವೂ ಅವಳು ಕಂಬಳಿ ಸರಿಸಿ ನೋಡಿರಲಿಲ್ಲ. ಜಗಳ ತಪ್ಪಿಸಲು ಕಟ್ಟಿದ್ದು ಬಣ್ಣವನ್ನೂ ಕಾಯುತ್ತಿತ್ತು. ಕಣ್ಣಿನ ಗುಣ ಅರ್ಧ, ಕಂಬಳಿಯದು ಅರ್ಧ. ಬಿಳಿಯ ನಡುವೆ ಬಿಟ್ಟರೆ ಪ್ರಾಣಿ ತಾನೂ ಬಿಳಿಯಾಗಿ ಅಡಗಿಕೊಳ್ಳಲು ನೋಡುತ್ತದೆ, ಜೀವದ ಭಯ.

ಊಟದ ಹೊತ್ತಿಗೆ ಸಿದ್ದಲಿಂಗ ಬಂದ. ಅವಳನ್ನು ಬೈಯಲು ತೆರೆದ ಬಾಯಿ ಪೆಟ್ಟಿಗೆ ನೋಡಿ ಹಾಗೇ ಉಳಿಯಿತು.

"ಏನ ಮಾಡಿದಿ? ಔಷಧಾ ಹಾಕಿದೇನ?"

"ನಾ ಕೈ ಸೈತ ತೊಯ್ಸಿಲ್ರಿ. ಅವ್ವಾರನ್ನ ಕೇಳ್ರಿ."

"ಹೌದೋ. ದೇವರ ಮುಂದ ಕುಂತಂಗ ಕುಂತಿದ್ಳು, ಅಷ್ಟ," ಎಂದಳು ಗಿರಿಜವ್ವ.

"ಹಂಗಾರ ಹೆಂಗ ಕೆಂಪಾತು? ಹೇಳ ಮತ್ತ."

ರಾಮವ್ವ ಎದ್ದು ಕುರ್ಚಿಯ ಮೇಲಿನ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡಳು. "ಹೇಳ್ತೀನ್ರಿ ಸಾವಕಾರ್ರ. ಚಹಾದಂಗಡ್ಯಾಗ ನೀವಂದ ಮಾತ ಮೊದಲ ವಾಪಸ್ ತಗೋರಿ. ಅಲ್ಲೇ, ಆ ಮಂದಿ ಮುಂದ."

"ಏ ಆತ ಬಿಡವಾ. ಏನೋ ಸಿಟ್ಟಿನ್ಯಾಗ ಬಾಯಿಗಿ ಬಂತು. ಬೇಕಾರ ಇನ್ನೊಂದ ಮೀನ ತಗೋತೀನಿ."

"ಮೀನ ಮಾರಾಕ ಬಂದಿಲ್ರಿ ಇವತ್ತ."

ಅಷ್ಟರಲ್ಲೇ ಮೀನು ಮತ್ತೆ ಮೂಲೆಗೆ ಸರಿದಿತ್ತು. ಸಿದ್ದಲಿಂಗ ಅದನ್ನು ನೋಡಿದ, ತಾಯಿಯನ್ನು ನೋಡಿದ.

"ನನ್ನ ಏನ ನೋಡ್ತೀ? ಅನ್ನೂ ಮುಂದ ನನ್ನ ಕೇಳಿದ್ದೇನ? ಹೋಗ, ಹೇಳಿ ಬಂದ ಉಣ್ಣ," ಎಂದು ಗಿರಿಜವ್ವ ಅವನಿಗೆ ಬಡಿಸಿದ್ದ ತಾಟು ಒಳಗೊಯ್ದಳು.

ಚಹಾದಂಗಡಿಯಲ್ಲಿ ಏಳೆಂಟು ಮಂದಿ ಇದ್ದರು. ರಾಮವ್ವ ಹೊರಗೆ ಪತ್ರಾಸಿನ ಕೆಳಗೆ ನಿಂತಳು. ಸಿದ್ದಲಿಂಗ ಗಂಟಲು ಸರಿಮಾಡಿಕೊಂಡ.

"ಕೇಳ್ರಿಪಾ. ಆ ಮೀನಕ್ಕ ಈಕಿ ಬಣ್ಣಾ ಹಚ್ಚಿದ್ದಿಲ್ಲ. ನಾ ಅಂದಿದ್ದು ಸುಳ್ಳ."

"ಮತ್ತ ಬೆಳ್ಳಗ್ಯಾಕ ಆಗಿತ್ರಿ?" ಒಬ್ಬ ಕೇಳಿದ.

ಸಿದ್ದಲಿಂಗ ರಾಮವ್ವನತ್ತ ತಿರುಗಿದ. ಮಾತು ಕೊಟ್ಟಂತೆ ಅವಳು ಹೇಳಿದಳು: "ಮನಿ ಎಲ್ಲಾ ಬೆಳ್ಳಗೈತ್ರಿ, ಅಂಜಿ ಬಣ್ಣಾ ಬಿಟ್ಟೈತಿ. ಹಿಂದ ಒಂದ ಕರೇ ಅರಿವಿ ಕಟ್ರಿ, ತಳಕ್ಕ ಕರೇ ಹರಳ ಹಾಕ್ರಿ, ಲೈಟ್ ಸಣ್ಣದ ಮಾಡ್ರಿ. ತಾನ ಬರ್ತೈತಿ."

"ಹಂಗಾರ ಸಾವಕಾರ್ರ, ಅದ ಮನ್ಯಾಗ ಇದ್ದ ನೀವ್ಯಾಕ ಬೆಳ್ಳಗ ಆಗಿಲ್ಲ?" ಎಂದ ಚಹಾ ಸೋಸುತ್ತಿದ್ದವನು.

ಅಂಗಡಿಯೆಲ್ಲ ನಕ್ಕಿತು. ಸಿದ್ದಲಿಂಗನೂ ಹುಳ್ಳಗೆ ನಕ್ಕು ಹೊರಡಲು ತಿರುಗಿದ. ರಾಮವ್ವ ನಗಲಿಲ್ಲ. ಒಳಗಿನ ಬೆಂಚಿನ ಕಡೆ ಕೈ ತೋರಿಸಿದಳು.

"ಆ ಹಿಂದ ಕುಂತ ಮುದುಕಗ ಕೇಳಿಲ್ರಿ ಸಾವಕಾರ್ರ. ಇನ್ನೊಮ್ಮಿ ಹೇಳ್ರಿ."

ಸಿದ್ದಲಿಂಗ ಹೇಳಿದ. ಈ ಸಲ ಒದರಿ ಹೇಳಿದ.